ಇಂಜಿನ್ನಿಗೆ ಚಳಿ ಹತ್ತಿದಾಗ

ಅಗಡಿಯ ಮನುಷ್ಯನೊಬ್ಬ ಮೋಟಾರು ಕಾರಿನ ಹೀಟರನ್ನು ಕುರಿತು ಮಾತನಾಡಲು ಹೊರಟಿದ್ದಾನೆಂದರೆ ಕೇಳುವವರಿಗೆ ನಗೆ ಬಂದೀತು. ನಮ್ಮದು ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಬಳಸಿನ ಬಯಲು ನೆಲ. ಏಪ್ರಿಲ್ ಬಂತೆಂದರೆ ಬಿಸಿಲಲ್ಲಿ ನಿಂತ ಕಾರಿನ ಬಾಗಿಲನ್ನು ಹಿಡಿಯಲು ಕೈಗೆ ಅರಿವೆ ಬೇಕು. ಮಾಘದ ಚಳಿಗೆ ಹೆಗಲ ಮೇಲೊಂದು ಶಾಲು ಬಿದ್ದರೆ ಸಾಕು. ಅಗಡಿಯನ್ನು ಆನಂದವನದ ಊರೆಂದು ಅರಿತವರಿದ್ದಾರೆ, ಗಳಗನಾಥರು ‘ಸದ್ಬೋಧ ಚಂದ್ರಿಕೆ’ಯನ್ನು ನಡೆಸಿದ ಊರೆಂದು ಅರಿತವರಿದ್ದಾರೆ, ಚಳಿಯ ಊರೆಂದು ಅರಿತವರನ್ನು ನಾನು ಕಂಡಿಲ್ಲ. ನನ್ನ ಹಳೆಯ ಸಣ್ಣ ಕಾರಿನಲ್ಲಿ ಒಂದು ತುದಿಗೆ ನೀಲಿಯನ್ನೂ ಇನ್ನೊಂದು ತುದಿಗೆ ಕೆಂಪನ್ನೂ ಬಳಿದ ಒಂದು ಹಿಡಿಕೆಯಿತ್ತು. ಅದನ್ನು ಕೆಂಪಿನ ಕಡೆಗೆ ಸರಿಸುವ ಪ್ರಸಂಗವೇ ಎಷ್ಟೋ ವರ್ಷ ನನಗೆ ಬರಲಿಲ್ಲ. ಬಂದಾಗ ಅದು ನನ್ನ ಕೈ ಬಿಟ್ಟಿತು. ಏಕೆ ಬಿಟ್ಟಿತು, ಅದನ್ನು ನಾನು ಹೇಗೆ ಕಂಡುಕೊಂಡೆ ಎಂಬುದೇ ಈ ಹೊತ್ತಿನ ನನ್ನ ಮಾತು.

2018ರ ಜುಲೈ ತಿಂಗಳ ಕೊನೆ. ಆಷಾಢದ ಮಳೆ. ನನ್ನ ಅಕ್ಕನನ್ನು ಕುಮಟೆಯಲ್ಲಿರುವ ಅವಳ ಮಗಳ ಮನೆಗೆ ಮುಟ್ಟಿಸಬೇಕಾಗಿತ್ತು. ಅಕ್ಕನಿಗೆ 70 ದಾಟಿತ್ತು. ಮೇಲಾಗಿ ಉಬ್ಬಸದ ಪ್ರಕೃತಿ. ಬಸ್ಸಿನಲ್ಲಿ ಕಿಟಕಿಯ ಎರಚಲು ಅವಳಿಗೆ ಆಗದೆಂದು ನಾನೇ ಹಟ ಹಿಡಿದು ಕಾರನ್ನು ಹೊರಡಿಸಿದೆ. ನನ್ನ ಹೆಂಡತಿಯೂ ಜೊತೆಗೆ ಬಂದಳು. ಹಾನಗಲ್ಲು ದಾಟಿ ಶಿರಸಿಯಲ್ಲಿ ಊಟ ಮಾಡಿ, ಸ್ವಲ್ಪ ಮಲಗಿ, ಮಳೆ ಕಡಿಮೆಯಾದೀತೆಂದು ಕಾದು, ಕಡಿಮೆಯಾಗದ್ದನ್ನು ಕಂಡು ಸಂಜೆಯ ಹೊತ್ತಿಗೆ ಹೊರಟೆವು. ಇದು ನಾನು ಮಾಡಿದ ಮೊದಲ ತಪ್ಪು. ಮಲೆನಾಡಿನ ಆಷಾಢದಲ್ಲಿ ಸಂಜೆಯೆಂಬುದು ಬೇರೆಯಾಗಿ ಇರುವುದೇ ಇಲ್ಲ. ಮಧ್ಯಾಹ್ನದ ಬಳಿಕ ನೇರವಾಗಿ ರಾತ್ರಿ.

ದೇವಿಮನೆಯ ಗುಡಿಯನ್ನು ದಾಟಿ ಘಟ್ಟ ಇಳಿಯತೊಡಗಿದಾಗ ಎದುರಿನ ಗಾಜು ಒಳಗಡೆಯಿಂದ ಮಬ್ಬಾಯಿತು. ಹೊರಗಿನ ನೀರನ್ನು ವೈಪರು ಒರೆಸುತ್ತಿತ್ತು; ಒಳಗಿನದನ್ನು ಒರೆಸುವವರು ಯಾರು? ಹೆಂಡತಿ ಪಂಚೆಯ ತುಂಡಿನಿಂದ ಒರೆಸಿದಳು. ಕೈ ತೆಗೆಯುವುದರೊಳಗಾಗಿ ಮತ್ತೆ ಹಾಲು ಬಳಿದಂತೆ ಆಯಿತು. ಕಿಟಕಿ ಇಳಿಸಿದರೆ ಗಾಜು ತಿಳಿಯಾಗುತ್ತಿತ್ತು, ಹಿಂದೆ ಕುಳಿತ ಅಕ್ಕನ ಉಸಿರು ಸುಯ್ಯೆನ್ನುತ್ತಿತ್ತು; ಕಿಟಕಿ ಏರಿಸಿದರೆ ಅವಳ ಕೆಮ್ಮು ನಿಲ್ಲುತ್ತಿತ್ತು, ನನಗೆ ದಾರಿ ಕಾಣದಾಗುತ್ತಿತ್ತು. ಆಗ ನೆನಪಾದದ್ದು ಆ ಕೆಂಪು ಹಿಡಿಕೆ. ಅದನ್ನು ಕೊನೆಯತನಕ ಸರಿಸಿ ಫ್ಯಾನು ಹಚ್ಚಿದೆ. ಗಾಜಿನ ಬುಡದ ಸೀಳಿನಿಂದ ಭರ್ರೆಂದು ಗಾಳಿ ಬಂದಿತು. ತಣ್ಣನೆಯ ಗಾಳಿ. ಐದು ನಿಮಿಷ ಕಾದೆ. ತಣ್ಣಗೇ ಬಂದಿತು.

ಒಂದು ತಿರುವಿನಲ್ಲಿ ಎದುರಿನಿಂದ ಬಂದ ಬಸ್ಸಿನ ದೀಪ ಮಬ್ಬು ಗಾಜಿನ ತುಂಬ ಹರಡಿ, ದಾರಿ ಯಾವುದು ದೀಪ ಯಾವುದು ತಿಳಿಯದಾಯಿತು. ಎಡಗಡೆಯ ಗಾಲಿ ಡಾಂಬರು ಬಿಟ್ಟು ಕೆಸರಿಗೆ ಇಳಿದುದು ಕೈಗೆ ತಿಳಿಯಿತು. ಅದರಾಚೆಗೆ ಏನಿತ್ತೆಂಬುದನ್ನು ನಾನು ಆಮೇಲೆ ಇಳಿದು ನೋಡಿದೆ. ನೋಡಿದ್ದನ್ನು ಅಕ್ಕನಿಗೆ ಹೇಳಲಿಲ್ಲ.

ಅಲ್ಲಿಯೇ ಸ್ವಲ್ಪ ಮುಂದೆ ಗೋವಿನ ಜೋಳ ಹೇರಿದ ಒಂದು ಲಾರಿ ನಿಂತಿತ್ತು. ಅದರ ಚಾಲಕ ರಾಣೇಬೆನ್ನೂರಿನ ಕಡೆಯವನು. ಮಾತಿನ ಮೇಲಿಂದಲೇ ನಮ್ಮವನೆಂದು ತಿಳಿಯಿತು. ಅವನು ನನ್ನ ಅವಸ್ಥೆಯನ್ನು ನೋಡಿ, ಒಂದು ಬೀಡಿಯನ್ನು ಬಿಡಿಸಿ, ತಂಬಾಕಿನ ಪುಡಿಯನ್ನು ಒದ್ದೆ ಅರಿವೆಗೆ ಸವರಿ ಗಾಜಿನ ಒಳಗಡೆ ತಿಕ್ಕಿದ. ಈ ಉಪಾಯವನ್ನು ನಮ್ಮ ಲಾರಿಯವರು ಬಹು ಕಾಲದಿಂದ ಬಲ್ಲರು. ಸ್ವಲ್ಪ ಹೊತ್ತು ನಡೆಯುತ್ತದೆ.

“ಹೀಟರ್ ಹಚ್ಚೀರೇನ್ರಿ?” ಎಂದ.

“ಹಚ್ಚೇನಿ. ತಣ್ಣನ್ ಗಾಳೀನ ಬರ್ತದ” ಎಂದೆ.

ಅವನು ತಲೆ ಒಳಗೆ ಹಾಕಿ ಉಷ್ಣದ ಸೂಜಿಯನ್ನು ನೋಡಿದ. ಅದು ಕೆಳಗಿನ ಗೆರೆಗೆ ಅಂಟಿಕೊಂಡು ಮಲಗಿತ್ತು. “ಹಂಗಾರ ನಿಮ್ಮ ಇಂಜಿನ್ನಿಗೇ ಚಳಿ ಹತ್ತೇತ್ರಿ ಸರ. ಅದರ ಕಡೆ ಇದ್ದರಲ್ಲೇನು ನಿಮಗ ಕೊಡೂದು?” ಎಂದು ನಕ್ಕು, “ನನ್ನ ಹಿಂದ ಬರ್ರಿ, ಕೆಂಪ ದೀಪ ನೋಡ್ಕೋತ” ಎಂದು ಲಾರಿ ಹತ್ತಿದ. ಅವನ ಕೆಂಪು ದೀಪವನ್ನು ನೋಡುತ್ತ ಕತಗಾಲದವರೆಗೆ ಇಳಿದೆವು. ಆ ಮಹರಾಯನ ಹೆಸರನ್ನು ಕೇಳಲು ಸಹ ನನಗೆ ತೋಚಲಿಲ್ಲ.

ನಾನು 30 ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರವನ್ನು ಕಲಿಸಿದವನು. ತಣ್ಣೀರು ತುಂಬಿದ ಹಿತ್ತಾಳೆಯ ತಂಬಿಗೆಯ ಹೊರಮೈ ಬೆವರುವುದೇಕೆ ಎಂಬ ಪ್ರಶ್ನೆಯನ್ನು ಪ್ರತಿ ವರ್ಷ ಪರೀಕ್ಷೆಯಲ್ಲಿ ಕೇಳಿದವನು. ನಾನು ಈಗ ಆ ತಂಬಿಗೆಯ ಒಳಗೇ ಕುಳಿತಿದ್ದೆ. ಮೂವರ ಉಸಿರು, ತೊಯ್ದ ಕೊಡೆಗಳು, ಸೀರೆಯ ಒದ್ದೆ ನೆರಿಗೆಗಳು—ಇವೆಲ್ಲ ಕಾರಿನೊಳಗಿನ ಗಾಳಿಗೆ ಆವಿಯನ್ನು ತುಂಬುತ್ತಿದ್ದವು; ಮಳೆ ಹೊಡೆದು ತಣ್ಣಗಾದ ಗಾಜು ಆ ಆವಿಯನ್ನು ಹನಿಯಾಗಿ ಹಿಡಿಯುತ್ತಿತ್ತು. ಗಾಜನ್ನು ಸ್ವಲ್ಪ ಬೆಚ್ಚಗೆ ಮಾಡಿ, ಹೊರಗಿನ ಗಾಳಿಯನ್ನು ಕಾಯಿಸಿ ಅದರ ಮೇಲೆ ಬಿಟ್ಟರೆ ಹನಿ ಆರುತ್ತದೆ; ಕಾದ ಗಾಳಿಗೆ ನೀರನ್ನು ಹೊರುವ ಶಕ್ತಿ ಹೆಚ್ಚು. ಎ.ಸಿ. ಇರುವ ಕಾರಿನಲ್ಲಿ ಅದನ್ನೂ ಜೊತೆಗೆ ಹಚ್ಚಿದರೆ ಗಾಳಿಯ ತೇವವೇ ಇಳಿದು ಕೆಲಸ ಬೇಗ ಆಗುತ್ತದೆ. ನನ್ನದರಲ್ಲಿ ಎ.ಸಿ. ಇರಲಿಲ್ಲ. ಹೀಗಾಗಿ ನಮ್ಮ ಸೀಮೆಯಲ್ಲಿ ಹೀಟರು ಬೇಕಾಗುವುದು ಮೈಗಲ್ಲ, ಕಣ್ಣಿಗೆ. ಇದು ನನಗೆ 62ನೆಯ ವಯಸ್ಸಿನಲ್ಲಿ ಘಟ್ಟದ ಅಂಚಿನಲ್ಲಿ ಹೊಳೆಯಿತು.

ಹೀಟರು ಕೆಲಸ ಮಾಡುವ ಬಗೆಯನ್ನು ಒಂದಿಷ್ಟು ಹೇಳಬೇಕು. ಅದನ್ನರಿಯದೆ ರೋಗ ತಿಳಿಯದು. ನಮ್ಮ ಹಳೆಯ ಅಡಿಗೆಮನೆಗಳಲ್ಲಿ ಒಲೆಯ ಮಗ್ಗುಲಿಗೆ ಕೋಡೊಲೆ ಇರುತ್ತಿತ್ತು. ಅದಕ್ಕೆ ತನ್ನದೇ ಬೆಂಕಿಯಿಲ್ಲ. ದೊಡ್ಡ ಒಲೆಯ ಉಳಿದ ಝಳದಿಂದ ಅಲ್ಲಿಟ್ಟ ಸಾರು ಬೆಚ್ಚಗಿರುತ್ತಿತ್ತು. ಕಾರಿನ ಹೀಟರು ಅಂಥದೊಂದು ಕೋಡೊಲೆ. ಇಂಜಿನ್ನಿನಲ್ಲಿ ಉರಿಯುವ ಪೆಟ್ರೋಲಿನ ಶಾಖದಲ್ಲಿ ಗಾಲಿ ತಿರುಗಿಸಲು ಒದಗುವುದು ಸ್ಥೂಲವಾಗಿ ಮೂರನೆಯ ಒಂದು ಪಾಲು ಮಾತ್ರ; ಇನ್ನೊಂದು ಪಾಲು ಹೊಗೆಯ ಕೊಳವೆಯಿಂದ ಹೊರಬೀಳುತ್ತದೆ, ಮತ್ತೊಂದನ್ನು ಇಂಜಿನ್ನಿನ ಸುತ್ತ ಹರಿಯುವ ನೀರು ಹೊತ್ತೊಯ್ದು ಮುಂದಿನ ರೇಡಿಯೇಟರಿನಲ್ಲಿ ಗಾಳಿಗೆ ಒಪ್ಪಿಸುತ್ತದೆ. ಆ ಬಿಸಿನೀರಿನ ಒಂದು ಕವಲನ್ನು ಎರಡು ರಬ್ಬರು ಕೊಳವೆಗಳ ಮೂಲಕ ಒಳಗೆ ತಂದು, ಡ್ಯಾಶ್‌ಬೋರ್ಡಿನ ಕೆಳಗಿರುವ ಪುಸ್ತಕದಷ್ಟು ಗಾತ್ರದ ಒಂದು ಮರಿ ರೇಡಿಯೇಟರಿನಲ್ಲಿ ಹರಿಸುತ್ತಾರೆ. ಅದರ ಹಿಂದೊಂದು ಫ್ಯಾನು. ಹೀಟರೆಂದರೆ ಇಷ್ಟೇ. ಬಿಸಿನೀರಿನಿಂದ ಹೊರಗಿನ ತಾಜಾ ಗಾಳಿಯನ್ನು ಕಾಯಿಸಿ ಒಳಗೆ ಬಿಡುವ ಏರ್ಪಾಡನ್ನು ಅಮೆರಿಕದ ನ್ಯಾಶ್ ಕಂಪನಿ 1938ರಲ್ಲಿ ತನ್ನ ಕಾರುಗಳಿಗೆ ತಂದಿತು. ಮೂಲ ಕ್ರಮ ಬಹುಮಟ್ಟಿಗೆ ಇಂದಿಗೂ ಅದೇ. ಬ್ಯಾಟರಿಯ ಕಾರಿನವರದು ಬೇರೆಯ ಪಾಡು. ಅವರಲ್ಲಿ ದೊಡ್ಡ ಒಲೆಯೇ ಇಲ್ಲ; ಆದ್ದರಿಂದ ಕೋಡೊಲೆಗೆಂದೇ ಬ್ಯಾಟರಿಯನ್ನು ಖರ್ಚು ಮಾಡಬೇಕಾಗುತ್ತದೆ.

ಅಂದ ಮೇಲೆ ಹೀಟರು ತಣ್ಣಗೆ ಊದಿದರೆ ಕೇಳಬೇಕಾದ ಪ್ರಶ್ನೆ ಒಂದೇ: ಒಲೆಯಿಂದ ಹೊರಟ ಶಾಖ ನನ್ನ ಮುಖವನ್ನು ಮುಟ್ಟುವ ಮೊದಲು ಎಲ್ಲಿ ಸೋರಿಹೋಯಿತು? ಕುಮಟೆಯಿಂದ ಮರಳಿ ಬಂದ ಮರುದಿನ ಬೆಳಗಿನ ಜಾವ, ಇಂಜಿನ್ನು ರಾತ್ರಿಯಿಡೀ ತಣಿದಿದ್ದಾಗ, ಬಾನೆಟ್ಟು ಎತ್ತಿ ನಿಂತೆ. ಈ ಪರೀಕ್ಷೆಗೆ ಬೇಕಾದ ಉಪಕರಣ ಅಂಗೈ. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಿಬಿಡುತ್ತೇನೆ. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಎಂದೂ ತೆಗೆಯಬೇಡಿ. ಆ ಮುಚ್ಚಳ ಒತ್ತಡವನ್ನು ಹಿಡಿದಿಟ್ಟಿರುವುದರಿಂದ ನೀರು 100 ಡಿಗ್ರಿಯನ್ನು ಮೀರಿಯೂ ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳ ಸಡಿಲಾದ ಕ್ಷಣ ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ನನ್ನ ಬಲ ಮುಂಗೈ ಮೇಲೆ ಇರುವ ಕಲೆ ಈ ಮಾತಿಗೆ ಸಾಕ್ಷಿ. ಹಾಗೆಯೇ ಶಾಲು, ಸೆರಗುಗಳನ್ನು ದೂರವಿಡಬೇಕು. ಇಂದಿನ ಕಾರುಗಳ ಫ್ಯಾನು ಬಿಸಿಯೇರಿದ ಕೂಡಲೇ ಹೇಳದೆ ಕೇಳದೆ ತಿರುಗತೊಡಗುತ್ತದೆ.

ಮೊದಲು, ತಣ್ಣಗಿದ್ದಾಗಲೇ, ನೀರಿನ ಮಟ್ಟವನ್ನು ನೋಡಿದೆ. ನೀರು ಕಡಿಮೆಯಾದರೆ ಎಲ್ಲಕ್ಕಿಂತ ಮೊದಲು ಬರಿದಾಗುವುದು ಹೀಟರಿನ ಕವಲು, ಏಕೆಂದರೆ ಅದು ಎತ್ತರದಲ್ಲಿದೆ. ಅಲ್ಲಿ ಗಾಳಿಯ ಗುಳ್ಳೆ ಸೇರಿಕೊಂಡರೂ ನೀರು ಮುಂದಕ್ಕೆ ಹರಿಯದು. ನೀರು ಪದೇ ಪದೇ ಕಡಿಮೆಯಾಗುತ್ತಿದ್ದರೆ ಮಾತ್ರ ಅದನ್ನು ತುಂಬಿ ಸುಮ್ಮನಾಗಬಾರದು. ಎಲ್ಲಿ ಹೋಗುತ್ತಿದೆಯೆಂದು ಹುಡುಕಬೇಕು. ಒಳಗೆ ಸಿಹಿ ವಾಸನೆ ಬಂದು ಗಾಜಿನ ಮೇಲೆ ಜಿಡ್ಡಿನ ಪರೆ ಕಟ್ಟಿದರೆ ಮರಿ ರೇಡಿಯೇಟರೇ ಸೋರುತ್ತಿರಬೇಕು. ಹೊಗೆಕೊಳವೆಯಿಂದ ಇಂಜಿನ್ನು ಕಾದ ಮೇಲೂ ಬಿಳಿಯ ಆವಿ ಬರುತ್ತಲೇ ಇದ್ದರೆ ಇಂಜಿನ್ನಿನ ಒಳಗಿನ ಗ್ಯಾಸ್ಕೆಟ್ಟು ಒಡೆದಿರಬಹುದು, ಆಗ ಕಾರನ್ನು ಓಡಿಸಲೇಬಾರದು. ನನ್ನಲ್ಲಿ ನೀರು ತುಂಬಿತ್ತು.

ಇಂಜಿನ್ನು ಹಚ್ಚಿ, ಹೀಟರಿನ ಹಿಡಿಕೆಯನ್ನು ಕೆಂಪಿಗೆ ಸರಿಸಿ, ಗೋಡೆಯನ್ನು ತೂರಿ ಒಳಗೆ ಹೋಗುವ ಆ ಎರಡು ಕೊಳವೆಗಳನ್ನು ಮುಟ್ಟುತ್ತ ನಿಂತೆ. ಎರಡೂ ಕೈ ತಾಳಲಾರದಷ್ಟು ಬಿಸಿಯಾಗಿದ್ದು ಗಾಳಿ ಮಾತ್ರ ತಣ್ಣಗಿದ್ದರೆ ನೀರಿನ ತಪ್ಪಿಲ್ಲ. ಗಾಳಿಯನ್ನು ತಿರುಗಿಸುವ ಹಲಗೆಯೋ ಅದರ ತಂತಿಯೋ ಕೆಟ್ಟಿದೆ. ಒಂದು ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ನೀರು ಹೋಗಿ ಮರಳುತ್ತಿಲ್ಲ. ಮರಿ ರೇಡಿಯೇಟರು ಕಟ್ಟಿದೆ, ಇಲ್ಲವೇ ನಡುವಿನ ಕವಾಟ ತೆರೆಯುತ್ತಿಲ್ಲ. ವರ್ಷಗಟ್ಟಲೆ ಮುಟ್ಟದ ಕವಾಟ ಹಿಡಿದುಕೊಂಡಿರಬೇಕೆಂದು ನಾನು ಊಹಿಸಿ, ಅದಕ್ಕೆ ಎಣ್ಣೆಯನ್ನೂ ಸಿದ್ಧಮಾಡಿ ಇಟ್ಟಿದ್ದೆ. ಊಹೆ ತಪ್ಪಾಯಿತು. ಹತ್ತು ನಿಮಿಷ ಕಳೆದರೂ ಎರಡೂ ಕೊಳವೆಗಳು ಒಂದೇ ಸಮನಾಗಿ ಉಗುರು ಬೆಚ್ಚಗಿದ್ದವು, ಬಾಣಂತಿಯ ಕೂಸಿಗೆ ಎರೆಯಬಹುದಾದ ನೀರಿನಂತೆ. ನೀರು ಹರಿಯುತ್ತಿತ್ತು, ಕಾದಿರಲಿಲ್ಲ. ಸೂಜಿ ಅಲ್ಲಿಯೇ ಮಲಗಿತ್ತು. ಲಾರಿಯವನು ಸೂಜಿಯನ್ನು ನೋಡಿ ಒಂದು ಮಾತಿನಲ್ಲಿ ಹೇಳಿದ್ದನ್ನು ನಾನು ಎರಡು ಗಂಟೆಯ ಪ್ರಯೋಗದಿಂದ ಸಾಧಿಸಿದೆ.

ಆಮೇಲೆ ಇಂಜಿನ್ನಿನಿಂದ ರೇಡಿಯೇಟರಿನ ತಲೆಗೆ ಹೋಗುವ ದಪ್ಪ ಕೊಳವೆಯ ಮೇಲೆ ಕೈಯಿಟ್ಟೆ. ಆರೋಗ್ಯವಂತ ಇಂಜಿನ್ನಿನಲ್ಲಿ ಇದು ಮೊದಲ ಕೆಲವು ನಿಮಿಷ ತಣ್ಣಗೇ ಇರಬೇಕು. ಸೂಜಿ ನಡುವಿನ ಹತ್ತಿರ ಬಂದಾಗ ಒಮ್ಮೆಲೇ ಬಿಸಿಯಾಗಬೇಕು. ಅಲ್ಲಿ ಬಾಗಿಲು ಕಾಯುವವನೊಬ್ಬ ಇರುತ್ತಾನೆ. ಅವನ ಹೆಸರು ಥರ್ಮೋಸ್ಟಾಟ್. ಹಳೆಯ ಎರಡು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಬಿಲ್ಲೆ, ನಡುವೆ ಹಿತ್ತಾಳೆಯ ಸಣ್ಣ ಡಬ್ಬಿ, ಒಂದು ಸ್ಪ್ರಿಂಗು. ಡಬ್ಬಿಯೊಳಗೆ ಮೇಣ. ನೀರು ಸುಮಾರು 82 ಡಿಗ್ರಿಗೆ ಬಂದಾಗ ಮೇಣ ಕರಗಿ ಹಿಗ್ಗಿ ಸರಳನ್ನು ತಳ್ಳುತ್ತದೆ, ಬಾಗಿಲು ತೆರೆಯುತ್ತದೆ; ನೀರು ತಣಿದರೆ ಮೇಣ ಕುಗ್ಗಿ ಬಾಗಿಲು ಮುಚ್ಚುತ್ತದೆ. ಮೇಣದ ಈ ಉಪಾಯವನ್ನು 1930ರ ದಶಕದಲ್ಲಿ ಸರ್ಜಿಯಸ್ ವರ್ನೆಟ್ ಎಂಬಾತ ಕಂಡುಹಿಡಿದ. ವಿದ್ಯುತ್ತು ಬೇಡ, ತಂತಿ ಬೇಡ; ಮೇಣವೊಂದೇ ಇಂಜಿನ್ನಿನ ಶಾಖವನ್ನು ಅಳೆದು ನಡೆಸುತ್ತದೆ. ನಾನು ನೋಡಿದ ಯಂತ್ರಭಾಗಗಳಲ್ಲಿ ಇದಕ್ಕಿಂತ ಸುಂದರವಾದುದು ಇನ್ನೊಂದಿಲ್ಲ ಎಂದರೆ ಅತಿಶಯವೆನ್ನಬೇಡಿ.

ನನ್ನ ಕಾರಿನ ದಪ್ಪ ಕೊಳವೆಯಾದರೋ ಇಂಜಿನ್ನು ಹಚ್ಚಿದ ಗಳಿಗೆಯಿಂದಲೇ ಮೆಲ್ಲಗೆ ಬೆಚ್ಚಗಾಗುತ್ತ ಬಂದಿತು. ಬಾಗಿಲು ತೆರೆದೇ ಇತ್ತು. ಇಲ್ಲವೇ ಬಾಗಿಲೇ ಇರಲಿಲ್ಲ.

ಬಾಗಿಲೇ ಇಲ್ಲವೆಂಬುದು ಆಗ ನೆನಪಾಯಿತು. ಮೂಲವ್ಯಾಧಿಯನ್ನು ಹುಡುಕಲು ನಾನು ಎರಡು ವರ್ಷ ಹಿಂದಕ್ಕೆ ಹೋಗಬೇಕಾಯಿತು.

2016ರ ಮೇ ತಿಂಗಳು. ರಾಣೇಬೆನ್ನೂರಿನಲ್ಲಿ ಮದುವೆ. ಮೋಟೆಬೆನ್ನೂರಿನ ಹತ್ತಿರ ಕಾರು ಕುದಿದು ನಿಂತಿತು. ಮುಂಗೈಯ ಕಲೆ ಅಂದಿನದು. ಕರೆದು ತಂದ ಮೆಕ್ಯಾನಿಕ್ಕು ಹುಡುಗ ಅರ್ಧ ಗಂಟೆಯಲ್ಲಿ ಥರ್ಮೋಸ್ಟಾಟನ್ನು ಬಿಚ್ಚಿ ನನ್ನ ಅಂಗೈಯಲ್ಲಿ ಇಟ್ಟ. “ನಮ್ಮ ಕಡೆ ಬಿಸಲಿಗೆ ಇದು ಬ್ಯಾಡ್ರಿ. ತಗದ್ ಒಗದ್ರ ಗಾಡಿ ಎಂದೂ ಕುದ್ಯಂಗಿಲ್ಲ” ಎಂದ. ಅವನನ್ನು ನಾನು ದೂರುವುದಿಲ್ಲ. ಬಯಲು ಸೀಮೆಯ ಗ್ಯಾರೇಜುಗಳಲ್ಲಿ ಇದು ಹಿಂದಿನಿಂದ ನಡೆದುಬಂದ ಚಿಕಿತ್ಸೆ. ಥರ್ಮೋಸ್ಟಾಟು ಮುಚ್ಚಿದ ಸ್ಥಿತಿಯಲ್ಲಿ ಕೆಟ್ಟರೆ ಇಂಜಿನ್ನು ಕೆಲವೇ ನಿಮಿಷಗಳಲ್ಲಿ ಕುದಿಯುತ್ತದೆ, ಮದುವೆಗೆ ಹೊರಟವನಿಗೆ ದಾರಿಯಲ್ಲಿ ಬೇರೇನು ಮಾಡಲಾದೀತು? ನನ್ನ ಅಪರಾಧ ಆಮೇಲಿನದು. ಭೌತಶಾಸ್ತ್ರದ ಮಾಸ್ತರನಾಗಿ ನಾನು “ಹೌದು, ತೆಗೆದುಬಿಡು” ಎಂದೆ. ಅಂದಿನಿಂದ ಕಾರು ಕುದಿಯಲಿಲ್ಲ. ಸೂಜಿ ಕೆಳಗಿನ ಗೆರೆಯನ್ನು ಬಿಟ್ಟು ಏಳಲೇ ಇಲ್ಲ. “ನಮ್ಮ ಗಾಡಿ ಎಷ್ಟು ತಣ್ಣಗೆ ಓಡುತ್ತದೆ ನೋಡಿ” ಎಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದೆ.

ತಣ್ಣಗೆ ಓಡುವ ಇಂಜಿನ್ನು ಒಳಗೊಳಗೆ ಸವೆಯುತ್ತಿರುತ್ತದೆ. ಪೆಟ್ರೋಲು ಪೂರ್ತಿ ಆವಿಯಾಗದೆ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಹಾಕುತ್ತದೆ. ಉರಿಯುವಾಗ ಹುಟ್ಟಿದ ನೀರಾವಿ ಹೊರಹೋಗದೆ ಎಣ್ಣೆಯಲ್ಲಿ ಸೇರುತ್ತದೆ. ನನ್ನ ಕಾರಿನ ಎಣ್ಣೆ ಹಾಕುವ ಮುಚ್ಚಳವನ್ನು ತಿರುವಿ ನೋಡಿದರೆ ಒಳಗೆ ಬೆಣ್ಣೆಯಂತಹ ಹಳದಿ ಲೋಳೆ ಕಟ್ಟಿತ್ತು. ಕಂಪ್ಯೂಟರಿನಿಂದ ಪೆಟ್ರೋಲು ಅಳೆಯುವ ಕಾರುಗಳಲ್ಲಿ ಆ ಕಂಪ್ಯೂಟರು ಇಂಜಿನ್ನು ಇನ್ನೂ ಕಾದಿಲ್ಲವೆಂದು ತಿಳಿದು ಹೆಚ್ಚು ಪೆಟ್ರೋಲನ್ನೇ ಕೊಡುತ್ತ ಹೋಗುತ್ತದೆ. ನನಗೆ ಲೀಟರಿಗೆ ಎರಡು ಕಿಲೋಮೀಟರಿನಷ್ಟು ಕಡಿಮೆಯಾಗಿತ್ತು. ಅದನ್ನು ನಾನು ಪೆಟ್ರೋಲು ಬಂಕಿನವನ ಮೇಲೆ ಹಾಕಿದ್ದೆ. ಇನ್ನೊಂದು ವಿಚಿತ್ರ ಕೇಳಿ. ಕೆಲವು ಇಂಜಿನ್ನುಗಳಲ್ಲಿ ಥರ್ಮೋಸ್ಟಾಟು ಒಂದು ಬಾಗಿಲನ್ನು ತೆರೆಯುವಾಗ ಇನ್ನೊಂದು ಅಡ್ಡದಾರಿಯನ್ನು ಮುಚ್ಚುತ್ತದೆ. ಅಂಥದನ್ನು ಕಿತ್ತುಹಾಕಿದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತುತ್ತ, ಬೇಸಗೆಯಲ್ಲಿ ಕುದಿಯುವುದು ತಪ್ಪುವುದರ ಬದಲು ಹೆಚ್ಚಾಗಲೂಬಹುದು.

ಕಿತ್ತು ತೆಗೆದ ಥರ್ಮೋಸ್ಟಾಟು ಎಲ್ಲಿತ್ತೆಂದು ಹುಡುಕಬೇಕಾಗಲಿಲ್ಲ. ಅದು ನನ್ನ ಮೇಜಿನ ಮೇಲೆ, ಕಣ್ಣೆದುರಿಗೇ ಇತ್ತು. ಎರಡು ವರ್ಷ ಅದನ್ನು ನಾನು ಕಾಗದ ಹಾರದಂತೆ ಭಾರವಾಗಿ ಇಟ್ಟುಕೊಂಡಿದ್ದೆ.

ಅದು ನಿಜವಾಗಿಯೂ ಕೆಟ್ಟಿತ್ತೇ ಎಂಬುದನ್ನು ಅಂದು ಯಾರೂ ನೋಡಿರಲಿಲ್ಲ. ನಾನು ಅಡಿಗೆಮನೆಗೆ ಹೋದೆ. ಹೆಂಡತಿಯ ಆಕ್ಷೇಪಣೆಯನ್ನು ದಾಟಿ ಒಂದು ಬೋಗುಣಿಯನ್ನು ಪಡೆದು, ಅದರಲ್ಲಿ ಥರ್ಮೋಸ್ಟಾಟನ್ನು ದಾರದಿಂದ ತೂಗಬಿಟ್ಟು, ಶಾಲೆಯ ದಿನಗಳಿಂದ ಉಳಿದಿದ್ದ ಒಂದು ಉಷ್ಣಮಾಪಕವನ್ನು ತಳಕ್ಕೆ ತಾಗದಂತೆ ಹಿಡಿದು ನೀರು ಕಾಯಿಸಿದೆ. 70 ಆಯಿತು, 75 ಆಯಿತು, ಅದು ಕದಲಲಿಲ್ಲ. ಕೆಟ್ಟಿದೆಯೆಂದು ನನಗೆ ಸಮಾಧಾನವಾಗತೊಡಗಿತು. 80 ದಾಟಿದ ಮೇಲೆ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಕಾಣಿಸಿತು. ನೋಡುತ್ತಿದ್ದಂತೆ ಅದು ಅಗಲವಾಗಿ, 95ರ ಸುಮಾರಿಗೆ ಪೂರ್ತಿ ಬಾಯಿ ತೆರೆಯಿತು. ಬೆಂಕಿ ಆರಿಸಿದೆ, ನೀರು ತಣಿದಂತೆ ಸದ್ದಿಲ್ಲದೆ ಮುಚ್ಚಿಕೊಂಡಿತು. ಮೂರು ಸಲ ಮಾಡಿ ನೋಡಿದೆ. ಮೂರು ಸಲವೂ ತನ್ನ ಕೆಲಸವನ್ನು ತಪ್ಪದೆ ಮಾಡಿತು. ನಿರಪರಾಧಿಯನ್ನು ಮನೆಯಿಂದ ಹೊರಗೆ ಹಾಕಿದ್ದೆವು.

ಹಾಗಾದರೆ 2016ರಲ್ಲಿ ಕಾರು ಕುದಿದುದೇಕೆ?

ಇದಕ್ಕೆ ಉತ್ತರ ಒಂದೇ ವಾರದಲ್ಲಿ ಸಿಕ್ಕಿತು. ಹೊಸ ಗ್ಯಾಸ್ಕೆಟ್ಟಿನೊಡನೆ ಥರ್ಮೋಸ್ಟಾಟನ್ನು ಮರಳಿ ಕೂಡಿಸಿದೆವು. ಸೂಜಿ ನಡುವಿಗೆ ಬಂದು ನಿಂತಿತು. ಹೀಟರಿನಿಂದ ಬಿಸಿಗಾಳಿ ಬಂದಿತು. ನನ್ನ ಸಂತೋಷ ಬ್ಯಾಡಗಿಯ ಪೇಟೆಯವರೆಗೆ ಉಳಿಯಿತು. ಅಲ್ಲಿ ವಾಹನಗಳ ಸಾಲಿನಲ್ಲಿ ಸಿಕ್ಕು ಆಮೆಯಂತೆ ಸಾಗುವಾಗ ಸೂಜಿ ನಡುವನ್ನು ದಾಟಿ ಕೆಂಪಿನ ಕಡೆಗೆ ಹೊರಟಿತು. ಆಗ ಮಾತ್ರ ನಾನು ಒಂದು ಒಳ್ಳೆಯ ಕೆಲಸ ಮಾಡಿದೆ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಫ್ಯಾನನ್ನು ಜೋರು ಮಾಡಿ ಕಿಟಕಿಗಳನ್ನೆಲ್ಲ ಇಳಿಸಿದೆ. ಕೋಡೊಲೆ ದೊಡ್ಡ ಒಲೆಯ ಶಾಖವನ್ನು ಹಂಚಿಕೊಂಡಿತು. ಸೂಜಿ ಸ್ವಲ್ಪ ಇಳಿಯಿತು. ಒಳಗೆ ಕುಳಿತವನಿಗೆ ಅದು ನರಕ. ಕಿಟಕಿಯಿಂದ ಮೆಣಸಿನಕಾಯಿಯ ಘಾಟು, ಕೆಳಗಿನಿಂದ ಬಿಸಿಗಾಳಿ. ಆದರೂ ನೆರಳು ಸಿಗುವವರೆಗೆ ಸಾಗಲು ಆಯಿತು.

ಇಂಜಿನ್ನು ಆರಿಸಿ, ಸ್ವಲ್ಪ ತಣಿಯಗೊಟ್ಟು, ರೇಡಿಯೇಟರಿನ ಮೈಮೇಲೆ ಅಂಗೈ ಆಡಿಸಿದೆ. ಎಲ್ಲ ಕಡೆ ಒಂದೇ ಬಗೆಯಾಗಿ ಬಿಸಿ ಇರಬೇಕಾದಲ್ಲಿ ನಡುನಡುವೆ ತಣ್ಣನೆಯ ಪಟ್ಟೆಗಳು ತಾಗಿದವು. ಅಲ್ಲಿ ನೀರು ಹರಿಯುತ್ತಿರಲಿಲ್ಲ. ಹಾವೇರಿಯಲ್ಲಿ ರೇಡಿಯೇಟರು ರಿಪೇರಿ ಮಾಡುವವರ ಬಳಿ ಅದರ ಮೇಲಿನ ತೊಟ್ಟಿಯ ಬೆಸುಗೆ ಬಿಡಿಸಿ ನೋಡಿದಾಗ ನನಗೆ ನಮ್ಮ ಮನೆಯ ಬಚ್ಚಲ ಹಂಡೆ ನೆನಪಾಯಿತು. ಹಂಡೆಯ ಒಳಮೈಗೆ ಹೇಗೆ ಬಿಳಿಯ ಸುಣ್ಣದ ಹೆಪ್ಪಳಿಕೆ ಕಟ್ಟುತ್ತದೆಯೋ ಹಾಗೆ ಸಣ್ಣ ಸಣ್ಣ ನಾಳಗಳ ಬಾಯಿಗಳನ್ನೆಲ್ಲ ಸುಣ್ಣ ಮುಚ್ಚಿತ್ತು. ಅರ್ಧದಷ್ಟಾದರೂ ಸತ್ತಿದ್ದವು. ಥರ್ಮೋಸ್ಟಾಟು ತೆಗೆದಿದ್ದಾಗ ಉಳಿದ ಅರ್ಧವೇ ಹೇಗೋ ಸಾಗಿಸುತ್ತಿತ್ತು. ಹೀಗಾಗಿ ರೋಗ ಎರಡು ವರ್ಷ ಮುಚ್ಚಿಕೊಂಡು ಬೆಳೆದಿತ್ತು.

ಆ ಸುಣ್ಣವನ್ನು ಅಲ್ಲಿ ತುಂಬಿದವನು ನಾನು. ನಮ್ಮ ಬೋರ್‌ವೆಲ್ಲಿನ ನೀರು ಸಾಬೂನಿಗೆ ನೊರೆ ಬಾರದಷ್ಟು ಗಡಸು. ವಾರಕ್ಕೊಮ್ಮೆ ಕರ್ತವ್ಯನಿಷ್ಠೆಯಿಂದ ಒಂದು ತಂಬಿಗೆ ಆ ನೀರನ್ನು ರೇಡಿಯೇಟರಿಗೆ ಸುರಿಯುತ್ತಿದ್ದೆ. ಹಸಿರು ಬಣ್ಣದ ಕೂಲೆಂಟು ಹಾಕಿರೆಂದು ಯಾರಾದರೂ ಹೇಳಿದರೆ, “ಅದು ನೀರು ಹೆಪ್ಪುಗಟ್ಟುವ ದೇಶದವರಿಗೆ, ಅಗಡಿಯಲ್ಲಿ ಯಾಕೆ?” ಎನ್ನುತ್ತಿದ್ದೆ. ಅದರಲ್ಲಿರುವ ಗ್ಲೈಕಾಲು ನೀರನ್ನು ಹೆಪ್ಪುಗಟ್ಟದಂತೆ ಕಾಯುವುದಷ್ಟೇ ಅಲ್ಲ, ಕುದಿಯುವ ಬಿಂದುವನ್ನೂ ಮೇಲಕ್ಕೆತ್ತುತ್ತದೆ. ಅದರೊಡನೆ ಬೆರೆಸಿದ ಔಷಧಗಳು ತುಕ್ಕನ್ನು ತಡೆಯುತ್ತವೆ. ಬೆರೆಸುವ ನೀರು ಭಟ್ಟಿ ಇಳಿಸಿದ್ದಾಗಿರಬೇಕು. ಬ್ಯಾಟರಿಗೆ ಹಾಕಲು ಆ ನೀರನ್ನು ತಪ್ಪದೆ ಕೊಂಡು ತರುತ್ತಿದ್ದ ನಾನು, ಎರಡಡಿ ಆಚೆಗಿದ್ದ ರೇಡಿಯೇಟರಿಗೆ ಬೋರ್‌ವೆಲ್ಲಿನದನ್ನು ಹಾಕುತ್ತಿದ್ದೆ.

ನಾಳಗಳನ್ನು ಸರಳು ಹಾಕಿ ಬಿಡಿಸಿ, ಇಂಜಿನ್ನನ್ನೂ ಹೀಟರಿನ ಕವಲನ್ನೂ ತೊಳೆದರು. ಹೀಟರಿನಿಂದ ಬಂದ ನೀರು ಮೊದಲು ಕೆಂಪು ಮಣ್ಣಿನಂತಿತ್ತು. ಐದಾರು ಸಲದ ಮೇಲೆ ತಿಳಿಯಾಯಿತು. ಹೊಸ ಕೂಲೆಂಟು ತುಂಬುವಾಗ ಹೀಟರಿನ ಹಿಡಿಕೆಯನ್ನು ಕೆಂಪಿನಲ್ಲಿಟ್ಟು, ಕಾರಿನ ಮೂತಿಯನ್ನು ದಿಬ್ಬದ ಮೇಲೆ ಎತ್ತರಕ್ಕೆ ನಿಲ್ಲಿಸಿ, ಗುಳ್ಳೆಗಳು ಏಳುವುದು ನಿಲ್ಲುವವರೆಗೆ ಕಾಯಿಸಿದರು. ಈ ಕೊನೆಯ ಕೆಲಸಕ್ಕೆ ತಾಳ್ಮೆ ಬೇಕು. ಒಳಗೆ ಗಾಳಿ ಉಳಿದರೆ ಹೀಟರು ಮತ್ತೆ ತಣ್ಣಗೇ ಊದುತ್ತದೆ, ಮಾಡಿದ್ದೆಲ್ಲ ವ್ಯರ್ಥವಾಯಿತೆಂದು ಮನುಷ್ಯ ಸರಿಯಿರುವುದನ್ನು ಮತ್ತೆ ಬಿಚ್ಚಲು ತೊಡಗುತ್ತಾನೆ.

ಚವತಿಗೆ ಅಕ್ಕನನ್ನು ಕರೆತರಲು ಹೋದಾಗ ಸೆಪ್ಟೆಂಬರ್. ಘಟ್ಟದಲ್ಲಿ ಮಳೆ ಇನ್ನೂ ಬಿಟ್ಟಿರಲಿಲ್ಲ. ಕತಗಾಲ ದಾಟಿ ಏರತೊಡಗಿದಾಗ ಗಾಜು ಅದೇ ರೀತಿ ಮಬ್ಬಾಯಿತು. ಹಿಂದಿನ ಸಲ ನಿಂತಿದ್ದ ತಿರುವಿಗೆ ಬಂದಾಗ ಹಿಡಿಕೆಯನ್ನು ಕೆಂಪಿಗೆ ಸರಿಸಿದೆ. ಗಾಜಿನ ಬುಡದಲ್ಲಿ ಎರಡು ಅಂಗೈಯಗಲದ ತಿಳಿ ಮೂಡಿ, ಬೀಸಣಿಗೆ ಬಿಚ್ಚಿದಂತೆ ಮೇಲಮೇಲಕ್ಕೆ ಹರಡಿತು. ಕಿಟಕಿಗಳು ಮುಚ್ಚಿದ್ದವು. ಅಕ್ಕ ಕಾಲು ಮಡಚಿ ಬೆಚ್ಚಗೆ ಕುಳಿತು ಹೊರಗೆ ಬೀಳುತ್ತಿದ್ದ ನೀರನ್ನು ನೋಡುತ್ತಿದ್ದಳು. ದೇವಿಮನೆಯ ಗುಡಿ ಕಂಡಾಗ ಕೈ ಮುಗಿದು, ನನ್ನ ಹೆಗಲು ತಟ್ಟಿ ಕೇಳಿದಳು:

“ಇದನ್ನ ಹೋದ ಸಲ ಯಾಕ ಹಚ್ಚಲಿಲ್ಲೋ ತಮ್ಮಾ?”